ಕಬಡ್ಡಿಗಾಗಿ ಮುದ್ದೆ ನಿಲ್ಲಿಸಿದ ದಿನ

ಶಿಡ್ಲಘಟ್ಟಕ್ಕೆ ಹೋಗುವ ದಾರಿಯಲ್ಲಿ, ನಮ್ಮೂರಿನ ಮೈದಾನದ ಎದುರಿಗೆ ಅಕ್ಕನ ಹೋಟೆಲಿತ್ತು. ರೇಷ್ಮೆಗೂಡು ಮಾರಲು ಮಾರುಕಟ್ಟೆಗೆ ಹೊರಟ ರೈತರು ಬೆಳಿಗ್ಗೆ ಅಲ್ಲಿ ಬರೀ ಟೀ ಕುಡಿಯುತ್ತಿದ್ದರು. ಗೂಡು ಹರಾಜಾಗುವವರೆಗೆ ಅವರಿಗೆ ತುತ್ತು ಇಳಿಯುವುದಿಲ್ಲ. ವಾಪಸು ಬರುವಾಗಲೇ ನಿಧಾನವಾಗಿ ಕೂತು ಮುದ್ದೆ, ಉಪ್ಸಾರು ಉಣ್ಣುತ್ತಿದ್ದರು. ಭಾವ ತೀರಿಕೊಂಡ ಮೇಲೆ ಅಕ್ಕ ಸಂಸಾರ ನಡೆಸಿದ್ದು ಆ ಮುದ್ದೆಯಿಂದಲೇ.

ಹೀಗಿರುವಾಗ ನಮ್ಮೂರಿಗೆ ಕಬಡ್ಡಿ ತಂಡ ಬಂತು. ಬಂತು ಎಂದರೆ, ಪುರಸಭೆಯವರು ಕರೆತಂದರು. ಲೀಗ್ ಆಡುವ ತಂಡ. ಮಾಲೀಕರು ಬೆಂಗಳೂರಿನವರು, ಆಟಗಾರರು ಎಲ್ಲೆಲ್ಲಿಯವರೋ. ಅವರಿಗಾಗಿ ಊರಿನ ತೆರಿಗೆ ದುಡ್ಡಿನಲ್ಲಿ ಗ್ಯಾಲರಿ, ದೀಪ, ಮ್ಯಾಟು. ಮೈದಾನದ ಬಾಡಿಗೆಯೂ ಮಾಫಿ. ಬಸ್ ಸ್ಟ್ಯಾಂಡಿನ ಶೌಚಾಲಯಕ್ಕೊಂದು ಬಾಗಿಲು ಹಾಕಿಸಿ ಎಂದು ಬೇಡಿಕೊಂಡಾಗ ಅನುದಾನವಿಲ್ಲ ಎಂದವರೇ ಇವರು. ಕೇಳಿದರೆ, "ಜನ ಬರ್ತಾರೆ ಮೇಷ್ಟ್ರೇ, ವ್ಯಾಪಾರ ಆಗ್ತೈತೆ. ಮೊದ್ಲು ನಿಮ್ಮಕ್ಕನ ಹೋಟ್ಲೇ ಉದ್ಧಾರ ಆಗೋದು," ಎಂದರು ನಮ್ಮ ವಾರ್ಡಿನ ಮುಖಂಡರು. ಅಕ್ಕ ನಂಬಿಬಿಟ್ಟಳು.

ಮೊದಲ ಪಂದ್ಯ ಭಾನುವಾರ ಮಧ್ಯಾಹ್ನ. ಅವತ್ತು ಅಕ್ಕ ಮುದ್ದೆಯನ್ನೇ ಮಾಡಲಿಲ್ಲ. "ಮ್ಯಾಚ್ ನೋಡೋಕೆ ಬಂದೋರು ಮುದ್ದೆ ತಿಂತಾರೇನೋ," ಎಂದು ಚಿಂತಾಮಣಿಯಿಂದ ಅಡುಗೆಯವನನ್ನು ಕರೆಸಿ ಗೋಬಿ ಮಂಚೂರಿ, ಫ್ರೈಡ್ ರೈಸ್ ಮಾಡಿಸಿದಳು. ನಾನೂ ಸಹಾಯಕ್ಕೆ ಹೋಗಿದ್ದೆ.

ಮೈದಾನ ಕಿಕ್ಕಿರಿದಿತ್ತು. ಒಂದೊಂದು ಪಾಯಿಂಟಿಗೂ ಕೂಗು ಮುಗಿಲು ಮುಟ್ಟುತ್ತಿತ್ತು. ಇತ್ತ ಹೋಟೆಲಿನಲ್ಲಿ ಒಬ್ಬನೇ ಒಬ್ಬ ಗಿರಾಕಿಯಿಲ್ಲ. ವಿಚಾರಿಸಿದರೆ, ಒಳಗೆ ಹೋದವರು ಹೊರಬಂದರೆ ಮತ್ತೆ ಬಿಡುವುದಿಲ್ಲವಂತೆ. ತಿಂಡಿ ಮಾರುವ ಗುತ್ತಿಗೆಯೂ ಒಳಗೇ, ಅದೂ ಬೆಂಗಳೂರಿನವರಿಗೇ. ಆಟ ಮುಗಿದದ್ದೇ ತಡ, ಜನ ಬೈಕು, ಕಾರು ಹತ್ತಿ ಹೊರಟೇಬಿಟ್ಟರು. ಇಷ್ಟೊಂದು ಜನ ಸೇರಿದ ಊರಿನಲ್ಲಿ ವ್ಯಾಪಾರ ಇಷ್ಟು ಸತ್ತುಹೋದದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ.

ರಸ್ತೆಗೆ ಬೆಳಿಗ್ಗೆಯಿಂದಲೇ ಬ್ಯಾರಿಕೇಡ್ ಹಾಕಿದ್ದರು. ಗೂಡಿನ ಗಾಡಿಗಳೆಲ್ಲ ಸುತ್ತುದಾರಿ ಹಿಡಿದಿದ್ದವು. ಹಳೆಯ ಗಿರಾಕಿ ಒಬ್ಬರು ಮಾತ್ರ ಗಾಡಿಯನ್ನು ಆಚೆಯೇ ಬಿಟ್ಟು, ಹೆಗಲಿಗೆ ಖಾಲಿ ಚೀಲ ಹಾಕಿಕೊಂಡು ನಡೆದೇ ಬಂದರು.

"ಮುದ್ದೆ ಇಕ್ಕಮ್ಮ," ಎಂದರು.

"ಇವತ್ತೊಂದಿನ ಇಲ್ಲ ಕಣಪ್ಪ. ರೈಸ್ ಐತೆ," ಎಂದಳು ಅಕ್ಕ.

ಅವರು ಆ ಕೆಂಪನೆಯ ಅನ್ನವನ್ನು ನೋಡಿದರು. ನೀರು ಕುಡಿದು ಹೊರಟರು.

ಮಾರನೆಯ ದಿನ ಅಕ್ಕ ಮತ್ತೆ ಮುದ್ದೆ ಮಾಡಿದಳು. ಆದರೆ ಪಂದ್ಯವಿದ್ದಾಗಲೆಲ್ಲ ರಸ್ತೆ ಬಂದ್. ಸುತ್ತುದಾರಿಯಲ್ಲಿ ರೈತರಿಗೆ ಇನ್ನೊಂದು ಮುದ್ದೆ ಹೋಟೆಲ್ ಸಿಕ್ಕಿತು, ಆಮೇಲೆ ಪಂದ್ಯವಿಲ್ಲದ ದಿನವೂ ಅವರು ಆ ಕಡೆಯಿಂದಲೇ ಹೋಗತೊಡಗಿದರು. ಉಣ್ಣುವವರಿಲ್ಲದೆ ಅಕ್ಕ ಬಾಗಿಲು ಹಾಕಿದಳು. ಈಗ ಗಾರ್ಮೆಂಟ್ಸ್ ಒಂದರ ಕ್ಯಾಂಟೀನಿನಲ್ಲಿ ಕೂಲಿಗೆ ಅಡುಗೆ ಮಾಡುತ್ತಾಳೆ.

ಮೊನ್ನೆ ಮುಖಂಡರು ಸಿಕ್ಕರು. ತಂಡ ನಮ್ಮೂರು ಬಿಡುತ್ತಿದೆಯಂತೆ. ಗೌರಿಬಿದನೂರಿನ ಆಚೆ ಯಾವುದೋ ಊರಿನವರು ಇನ್ನೂ ದೊಡ್ಡ ಗ್ಯಾಲರಿ ಕಟ್ಟಿಕೊಡುತ್ತಾರಂತೆ. ಮಳೆ ಬರುತ್ತಂತೆ ಅನ್ನುವಷ್ಟು ಸಲೀಸಾಗಿ ಹೇಳಿದರು. ಸಂಜೆ ಅಕ್ಕನಿಗೆ ತಿಳಿಸಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ.

"ಅಲ್ಲೂ ಮೈದಾನದ ಮುಂದೆ ಯಾರೋ ಒಬ್ಳು ಹೋಟ್ಲು ಇಟ್ಟಿರ್ತಾಳೆ ಕಣೋ," ಎಂದಳು. "ಹೋಗಿ ಹೇಳ್ಬಿಟ್ಟು ಬಾ. ಮುದ್ದೆ ನಿಲ್ಲಿಸ್ಬೇಡಮ್ಮ ಅನ್ನು."