ಅತಿಥಿಗಳ ಫ್ಲಾಪಿ

ದೀಪಾವಳಿಗೆ ನಾಸಿಕದ ಮನೆಗೆ ಬಂದವಳು ಅಲಮಾರು ತೆರೆದರೆ, ನುಸಿಗುಳಿಗೆಯ ವಾಸನೆಯೊಂದಿಗೆ ಫ್ಲಾಪಿಗಳ ಡಬ್ಬಿ ಕೈಗೆ ಬಂತು. ರೇಷ್ಮೆ ಸೀರೆಗೂ ಫ್ಲಾಪಿಗೂ ಒಂದೇ ರಕ್ಷಣೆ ಸಾಕೆಂದು ನಂಬಿದ್ದವರು ನಮ್ಮಪ್ಪ. ನಗಬೇಡಿ, ಆಗ ನಾನೂ ನಂಬಿದ್ದೆ.

ಅಪ್ಪ ವಿಜಾಪುರದಿಂದ ವರ್ಗವಾಗಿ ಬಂದ ಬ್ಯಾಂಕಿನವರು. ಕ್ವಾರ್ಟರ್ಸಿನಲ್ಲಿ ಕಂಪ್ಯೂಟರ್ ಇದ್ದದ್ದು ನಮ್ಮಲ್ಲೊಂದೇ, ಹಾಗಾಗಿ ಜನ ಫ್ಲಾಪಿ ಹಿಡಿದು ಬರುತ್ತಿದ್ದರು. ಫ್ಲಾಪಿಯೊಳಗೆ ವೈರಸ್ ಬರುತ್ತದೆಂದು ಕೇಳಿದ ಮೇಲೆ ಅಪ್ಪನಿಗೆ ಬಂದವರ ಮೇಲೆಲ್ಲ ಗುಮಾನಿ. ಪತ್ರಿಕೆಯೊಂದರ ಜೊತೆ ಆಂಟಿವೈರಸ್ ಪುಕ್ಕಟೆ ಸಿಕ್ಕಾಗ ಅದರ ಮೇಲೂ ಗುಮಾನಿಯೇ. "ಪುಕ್ಕಟೆ ಯಾಕ ಕೊಡತಾರ? ಇವರೇನು ನಮ್ಮ ಬೀಗರೇನು?" ಎಂದು ಎಷ್ಟೋ ದಿನ ಅದನ್ನು ಮುಟ್ಟಲಿಲ್ಲ.

ಅದರ ಕೆಲಸ ಸರಳ. ಗೊತ್ತಿರುವ ವೈರಸ್ಸುಗಳ ಗುರುತುಗಳು ಅದರಲ್ಲಿದ್ದವು. ಫ್ಲಾಪಿಯಲ್ಲಿ ಅಂಥ ಗುರುತು ಕಂಡರೆ ಸದ್ದು ಮಾಡಿ ಹೇಳುತ್ತಿತ್ತು. ಹೊಸದಾಗಿ ಹುಟ್ಟಿದ್ದು ಅದಕ್ಕೆ ತಿಳಿಯದು. ನಾವಾಗಿ ಕೇಳದಿದ್ದರೆ ನೋಡುವುದೂ ಇಲ್ಲ.

ಆ ಕೇಳುವುದೇ ಅಪ್ಪನಿಗೆ ಸಂಕಟ. ಮನೆಗೆ ಬಂದವರ ಎದುರಿಗೇ ಅವರ ಫ್ಲಾಪಿ ತಪಾಸಣೆ ಮಾಡುವುದು ಹೇಗೆ? ಅದಕ್ಕೆ ಅವ್ವ ಅವರನ್ನು ಚಹಾಕ್ಕೆಂದು ಅಡುಗೆಮನೆಗೆ ಕರೆಯುತ್ತಿದ್ದಳು, ಅಷ್ಟರಲ್ಲಿ ಅಪ್ಪ ಹೊರಗೆ ಕೆಲಸ ಮುಗಿಸುತ್ತಿದ್ದರು. ಹಿರಿಯರ ಫ್ಲಾಪಿಗೆ ಆ ತಪಾಸಣೆಯೂ ಇಲ್ಲ. ಅಪ್ಪನ ಹಿಂದಿನ ಮ್ಯಾನೇಜರ್ ದೇಸಾಯಿ ಸಾಹೇಬರು ಈಗಿನ ಸಂಭಾಜಿನಗರದಿಂದ ರಾಜ್ಯೋತ್ಸವದ ಆಮಂತ್ರಣವನ್ನು ಫ್ಲಾಪಿಯಲ್ಲಿ ತಂದಾಗ, ಅಪ್ಪ ಎದ್ದು ನಿಂತು ಎರಡೂ ಕೈಯಲ್ಲಿ ಫ್ಲಾಪಿ ತೆಗೆದುಕೊಂಡು ಹಾಗೆಯೇ ಯಂತ್ರಕ್ಕೆ ಹಾಕಿದ್ದರು.

ನನ್ನ ಜೊತೆ ಎಂ.ಎ. ಓದುತ್ತಿದ್ದ ಮಹಾದೇವಿ ಗುಲಬರ್ಗಾ ಕಡೆಯವಳು. ಅವಳ ತಂದೆತಾಯಿ ಕಟ್ಟಡದ ಕೆಲಸಕ್ಕೆ ಬಂದು ಸೈಟಿನ ತಗಡಿನ ಮನೆಯಲ್ಲಿದ್ದರು. ಪದವಿಗೆ ಸಲ್ಲಿಸಬೇಕಾದ ಪ್ರಬಂಧವನ್ನು ಅವಳು ನಮ್ಮಲ್ಲೇ ಟೈಪ್ ಮಾಡುತ್ತಿದ್ದಳು. ಕೊನೆಯ ಅಧ್ಯಾಯ ಬಾಕಿಯಿದ್ದಾಗ ಕಂಪ್ಯೂಟರ್ ಶುರುವಾಗಲೇ ಇಲ್ಲ. ವೈರಸ್ ಎಂದರು ರಿಪೇರಿಯವರು. ಅಪ್ಪನಿಗೆ ಯೋಚಿಸುವ ಅಗತ್ಯವೂ ಬೀಳಲಿಲ್ಲ.

"ಎಲ್ಲೆಲ್ಲಿದೋ ಫ್ಲಾಪಿ ತರತಾಳ ಆಕಿ. ಇನ್ನ ಬರೋದು ಬ್ಯಾಡ ಅಂತ ಹೇಳು."

ಯಂತ್ರ ಕೆಟ್ಟಿದೆ ಎಂದಷ್ಟೇ ಅವಳಿಗೆ ತಿಳಿಸಿದೆ. ಪ್ರಬಂಧ ಒಪ್ಪಿಸುವ ದಿನ ಹತ್ತಿರ ಬಂದಿತ್ತು. ಬೇರೆ ಕಂಪ್ಯೂಟರ್ ಅವಳಿಗೆಲ್ಲಿ ಸಿಗಬೇಕು?

ರಿಪೇರಿಯಾಗಿ ಬಂದ ಮೇಲೆ ಮನೆಯಲ್ಲಿದ್ದ ಫ್ಲಾಪಿಗಳನ್ನೆಲ್ಲ ಆ ಪುಕ್ಕಟೆ ಆಂಟಿವೈರಸ್ಸಿಗೆ ತೋರಿಸಿದೆ. ಮಹಾದೇವಿ ಬಿಟ್ಟುಹೋಗಿದ್ದರಲ್ಲಿ ಏನೂ ಇರಲಿಲ್ಲ. ಸದ್ದು ಬಂದದ್ದು ದೇಸಾಯಿ ಸಾಹೇಬರ ಆಮಂತ್ರಣಕ್ಕೆ.

ಅಪ್ಪ ಪರದೆಯನ್ನು ನೋಡಿದರು. "ಸಾಹೇಬರಿಗೆ ಹೇಳಬ್ಯಾಡ."

"ಮಹಾದೇವಿಗೆ?"

"ಮಷೀನ್ ಸರಿ ಆಗೇದ, ಬಾ ಅಂತ ಹೇಳು."

ಅವಳು ಬಂದಳು. ಅವ್ವ ಎಂದಿನಂತೆ ಒಳಗೆ ಕರೆದಳು. ಮಹಾದೇವಿ ಕದಲಲಿಲ್ಲ. ಫ್ಲಾಪಿಯನ್ನು ಅಪ್ಪನ ಮುಂದಿಟ್ಟಳು.

"ಚಹಾ ಆಮ್ಯಾಲ ಕುಡೀತೀನ್ರಿ ಕಾಕೂ. ಕಾಕಾ, ಈ ಸಲ ನನ್ನ ಎದುರಿಗೇ ನೋಡ್ರಿ."

ಆ ಚಹಾದ ಗುಟ್ಟು ಎಷ್ಟು ದಿನದಿಂದ ಅವಳಿಗೆ ಗೊತ್ತಿತ್ತೋ. ಅಪ್ಪ ತಲೆ ತಗ್ಗಿಸಿ ನೋಡಿದರು. ಏನೂ ಇರಲಿಲ್ಲ. ಸಾಹೇಬರ ಸಂಗತಿಯನ್ನು ಆಗಲೂ ಬಾಯಿ ಬಿಡಲಿಲ್ಲ. ಪ್ರಬಂಧ ಮುಗಿಯಿತು, ಅವಳು ಮತ್ತೆ ಬರಲಿಲ್ಲ.

ಈಗ ಅವಳು ಪೈಠಣದಲ್ಲಿ ಶಿಕ್ಷಕಿ, ನಾನು ಅಲ್ಲಿಗೆ ಹತ್ತಿರದ ಸಂಭಾಜಿನಗರದಲ್ಲಿ ನೌಕರಿಯಲ್ಲಿದ್ದೇನೆ. ನಮ್ಮ ಭೇಟಿಯಾಗದಿರುವುದು ಅವಳಿಗೆ ಬಿಡುವಿಲ್ಲದ್ದಕ್ಕೆಂದೇ ಇಷ್ಟು ವರ್ಷ ಅಂದುಕೊಂಡಿದ್ದೆ. ತಪ್ಪಾಯಿತೆಂದು ಅವಳಿಗೆ ನಮ್ಮ ಮನೆಯಿಂದ ಯಾರೂ ಹೇಳಿಲ್ಲವೆಂಬುದು ಇವತ್ತು ಹೊಳೆಯಿತು. ರಜೆ ಮುಗಿದ ಮೇಲೆ ಪೈಠಣಕ್ಕೆ ಹೋಗುತ್ತೇನೆಂದು ಅಪ್ಪನಿಗೆ ಹೇಳಿದೆ. ಯಾಕೆಂದು ಅವರು ಕೇಳಲಿಲ್ಲ. "ಬಸ್ಸಿನಾಗ ಇಬ್ಬರಿಗೂ ಸೀಟ್ ಸಿಗತಾವೇನು?" ಎಂದರು.