ಮನೆಗೆ ಹೋಗ್ಲಿಕ್ಕೆ ಹೆದರಿಕೆ ಉಂಟಾ?

ಐವತ್ತು ದಾಟಿದ ಮೇಲೆ ಮೊದಲ ಸಲ ನಾನು ಒಬ್ಬ ಪಾದ್ರಿಯ ಎದುರು ಹೋಗಿ ಕುಳಿತೆ. ಪಾಪನಿವೇದನೆಗೆ ಅಲ್ಲ. (ನನ್ನ ಪಾಪಗಳಿಗೆ ನಮ್ಮೂರ ದೇವಸ್ಥಾನಗಳೇ ಸಾಲುತ್ತಿಲ್ಲ, ಇಗರ್ಜಿಗೂ ಯಾಕೆ ಭಾರ?) ಹಿಲ್ಡಾಳ ಜೊತೆಗೆ ಹೋದದ್ದು.

ಹಿಲ್ಡಾ ನಮ್ಮ ನೆರೆಮನೆಯವಳು. ಇಡೀ ಓಣಿಯ ರವಿಕೆಗಳು ಅವಳ ಕೈಯಲ್ಲೇ ಹೊಲಿಗೆಯಾಗುವುದು. ಗಂಡ ಲಾರೆನ್ಸ್ ಬೋಟಿನ ಇಂಜಿನ್ ರಿಪೇರಿ ಮಾಡುತ್ತಾನೆ. ಕುಡಿಯದಿದ್ದಾಗ ದೇವರಂಥ ಮನುಷ್ಯ ಎನ್ನುತ್ತಾರೆ. ಕುಡಿಯದ ದಿನ ಯಾವುದೆಂದು ಮಾತ್ರ ಯಾರೂ ಹೇಳುವುದಿಲ್ಲ. (ಹೆಸರುಗಳನ್ನು ಬದಲಿಸಿದ್ದೇನೆ, ಊರುಗಳನ್ನೂ ತುಸು ಆಚೀಚೆ ಮಾಡಿದ್ದೇನೆ. ಬರೆಯುವ ಮೊದಲು ಅವಳನ್ನು ಕೇಳಿದ್ದೇನೆ.)

ಆ ಬೆಳಿಗ್ಗೆ ಅವಳ ಎಡಗೆನ್ನೆ ಊದಿತ್ತು.

"ಎಂತ ಆಯ್ತ್ ಮಾರಾಯ್ತಿ?"

"ಬಾಗ್ಲ್ ತಾಗಿತ್ ಅಕ್ಕ."

ಅವರ ಮನೆಯ ಬಾಗಿಲಿಗೆ ಅವಳ ಮೇಲೆ ಯಾಕಷ್ಟು ಸಿಟ್ಟೋ! ಅವಳೇ ಸ್ವರ ತಗ್ಗಿಸಿ ಹೇಳಿದಳು. "ಈ ಬದಿ ಕೆಮಿ ಸಮಾ ಕೇಂತಿಲ್ಲೆ ಅಕ್ಕ. ಹೊಸ ಫಾದರ್ ಬಂದಿದ್ರ್ ಅಂಬ್ರ್. ಒಂದ್ಸಲ ಕಂಡ್ ಬಪ್ಪ ಅಂತ. ಒಬ್ಳೇ ಹೋಪುಕೆ ಒಂಥರಾ ಆತ್ತ್. ನೀವ್ ಬತ್ರಿಯಾ?"

ಕಿವಿ ಕೇಳದಿದ್ದರೆ ಹೋಗಬೇಕಾದ್ದು ಡಾಕ್ಟರ ಬಳಿಗೆ. ಆದರೆ ಅವಳಿಗೆ ಮೊದಲು ನೆನಪಾದದ್ದು ಫಾದರ್. ನಮ್ಮಲ್ಲಿ ಇದು ಹೀಗೆಯೇ ಅಲ್ಲವೇ?

"ಅವ್ರ್ ಮನಿ ಗಲಾಟಿ. ನಿಂಗೆ ಎಂತಕೆ ಊರ ಉಸಾಬರಿ?" ಎಂದರು ನಮ್ಮ ಯಜಮಾನರು. ನಾನು ಚಪ್ಪಲಿ ಹಾಕಿಕೊಂಡೆ.

ಆಟೋದಲ್ಲಿ ಹಿಲ್ಡಾ ಹಳೆಯ ಫಾದರ್ ಬಗ್ಗೆ ಹೇಳಿದಳು. ಒಳ್ಳೆಯವರು. ಹಿಂದೊಮ್ಮೆ ಇಬ್ಬರನ್ನೂ ಕೂರಿಸಿ ಪ್ರಾರ್ಥನೆ ಮಾಡಿಸಿದ್ದರು. ಲಾರೆನ್ಸ್ ಶಿಲುಬೆ ಮುಟ್ಟಿ ಪ್ರಮಾಣ ಮಾಡಿದ್ದ. ಸ್ವಲ್ಪ ಕಾಲ ಮನೆಯಲ್ಲಿ ಶಾಂತಿ ಇತ್ತು. ಆಮೇಲೆ ಮತ್ತೆ ಬಾಗಿಲು.

ಈ ಸಲವೂ ಅದೇ ಆಗುತ್ತದೆ ಎಂದುಕೊಂಡೇ ನಾನು ಇಗರ್ಜಿಯ ಕಚೇರಿಯೊಳಗೆ ಕಾಲಿಟ್ಟೆ. ಅನುಸರಿಸಿಕೊಂಡು ಹೋಗಮ್ಮ, ಕ್ಷಮಿಸಮ್ಮ, ಮನೆಯ ಮಾನ ನೋಡಮ್ಮ. ಇದರಲ್ಲಿ ಜಾತಿ, ಮತದ ಭೇದವಿಲ್ಲ. ನಮ್ಮ ಕಡೆಯ ಹಿರಿಯರೂ ಜೋಯಿಸರೂ ಹೇಳುವುದು ಇದನ್ನೇ. ಜೋಯಿಸರಾದರೆ ಜೊತೆಗೆ ಒಂದು ಶಾಂತಿ ಹೋಮವೂ ಇರುತ್ತದೆ ಅಷ್ಟೆ.

ಹೊಸ ಫಾದರ್‌ಗೆ ಮೂವತ್ತೈದರ ಆಸುಪಾಸು. ಮಂಗಳೂರು ಕಡೆಯವರು. ಮೇಜಿನ ಆಚೆ ಇದ್ದ ತಮ್ಮ ಕುರ್ಚಿಯನ್ನು ಈಚೆ ಎಳೆದು ಕುಳಿತರು. ಬಾಗಿಲು ಹಾಕಲೋ, ತೆರೆದಿಡಲೋ ಎಂದು ಅವಳನ್ನೇ ಕೇಳಿದರು. ಕೊಂಕಣಿಯಲ್ಲಿ ಶುರುವಾದ ಮಾತು ನನ್ನ ದೆಸೆಯಿಂದ ಕನ್ನಡಕ್ಕೆ ತಿರುಗಿತು. ಹಿಲ್ಡಾ ಬಾಗಿಲಿನ ಕಥೆ ಹೇಳಿದಳು. ಅವರು ಹೌದು ಎನ್ನಲಿಲ್ಲ, ಸುಳ್ಳು ಎನ್ನಲೂ ಇಲ್ಲ. ಪೂರ್ತಿ ಕೇಳಿದರು. ಆಮೇಲೆ ಮೆಲ್ಲನೆ ಒಂದು ಪ್ರಶ್ನೆ.

"ಇವತ್ತು ಮನೆಗೆ ಹೋಗ್ಲಿಕ್ಕೆ ಹೆದರಿಕೆ ಉಂಟಾ?"

ಹಿಲ್ಡಾ ನಕ್ಕಳು. "ಹೆದ್ರಿಕೆ ಎಂತ ಫಾದರ್? ನಮ್ಮನಿ ಅಲ್ದಾ?"

ಫಾದರ್ ಸುಮ್ಮನಿದ್ದರು. ಆ ಮೌನವನ್ನು ನನಗೇ ತಡೆಯಲಾಗದೆ ಏನಾದರೂ ಹೇಳಿಬಿಡೋಣ ಎನಿಸಿತು. ಅವರು ಮಾತ್ರ ಅಲುಗಲಿಲ್ಲ. ಹಿಲ್ಡಾಳ ನಗು ನಿಧಾನಕ್ಕೆ ಇಳಿಯಿತು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, "ಇತ್ ಫಾದರ್" ಎಂದಳು. "ಹೆದ್ರಿಕೆ ಇತ್."

ಆಮೇಲೆ ಬಂದದ್ದನ್ನು ಇಲ್ಲಿ ಬರೆಯುವುದಿಲ್ಲ. ಅದು ಅವಳದ್ದು. ನೆರೆಯಲ್ಲೇ ಇದ್ದ ನನಗೆ ಅದರಲ್ಲಿ ಅರ್ಧವೂ ಗೊತ್ತಿರಲಿಲ್ಲ ಎಂದಷ್ಟೇ ಹೇಳುತ್ತೇನೆ.

ಕೊನೆಗೆ ಅವಳು ಕೇಳಿದಳು. "ನಾನ್ ಬಿಟ್ಟ್ ಹೋರೆ ಪಾಪ ಅಲ್ದಾ ಫಾದರ್?"

"ಪೆಟ್ಟು ತಿನ್ನುತ್ತಾ ಕೂತುಕೊಳ್ಳುವುದು ಪುಣ್ಯ ಅಂತ ದೇವರು ಹೇಳ್ಲಿಲ್ಲ. ಮದುವೆಯ ವಿಷಯ ಆಮೇಲೆ ಮಾತಾಡುವ. ಮೊದಲು ನೀವು ಉಳೀಬೇಕು."

ಹೋಗು ಎಂದೂ ಹೇಳಲಿಲ್ಲ, ಇರು ಎಂದೂ ಹೇಳಲಿಲ್ಲ. ಇರುವ ದಾರಿಗಳನ್ನು ಬಿಡಿಸಿ ಹೇಳಿದರು. ಮಹಿಳಾ ಸಹಾಯವಾಣಿ ಏನು ಮಾಡುತ್ತದೆ, ದೂರು ಕೊಟ್ಟರೆ ಏನಾಗುತ್ತದೆ, ಕೊಡದಿದ್ದರೆ ಏನಾಗುತ್ತದೆ, ಕಿವಿಯನ್ನು ಯಾಕೆ ಇವತ್ತೇ ತೋರಿಸಬೇಕು. ಹಿಲ್ಡಾ ಯೋಚಿಸಿ, ಬೈಂದೂರಿನ ತಂಗಿ ಮನೆಗೆ ಹೋಗುತ್ತೇನೆ ಎಂದಳು. ಕುಂದಾಪುರದಲ್ಲಿ ಕಿವಿ ತೋರಿಸಿ, ಮಧ್ಯಾಹ್ನದ ಬಸ್ಸಿಗೆ ನಾನೇ ಹತ್ತಿಸಿ ಬಂದೆ.

ಮರುದಿನ ಸಂಜೆ ಲಾರೆನ್ಸ್ ನಮ್ಮ ಗೇಟಿನಲ್ಲಿ!

"ಹ್ವಾಯ್ ಅಕ್ಕ! ಹಿಲ್ಡಾನ್ನ ಎಲ್ಲ್ ಬಿಟ್ಟ್ ಬಂದ್ರಿ? ಹೇಳಿ!"

ಯಜಮಾನರು ಒಳಗಿನಿಂದ ಫಾದರ್‌ಗೆ ಫೋನ್ ಮಾಡಿದರು. (ಊರ ಉಸಾಬರಿ ಈಗ ನಮ್ಮ ಗೇಟಿಗೇ ಬಂದಿತ್ತಲ್ಲ.) ಫಾದರ್ ಸ್ಕೂಟರಿನಲ್ಲಿ ಬಂದರು. ನಿಲುವಂಗಿ ಇಲ್ಲ, ಸಾದಾ ಪ್ಯಾಂಟು ಶರಟು. ಬಂದವರೇ ನಮ್ಮ ಜಗಲಿಯ ಮೇಲೆ ಕುಳಿತು ಪಕ್ಕದ ಜಾಗ ತೋರಿಸಿದರು. ಲಾರೆನ್ಸ್ ಕೂರಲಿಲ್ಲ.

"ನನ್ ಹೆಂಡ್ತಿ ಎಲ್ಲಿತ್ ಹೇಳಿ ಫಾದರ್."

"ಅದನ್ನು ನಾನು ಹೇಳುವುದಿಲ್ಲ. ಹೇಳಬೇಕು ಅಂತ ಕಂಡ ದಿನ ಅವರೇ ಹೇಳ್ತಾರೆ. ನೀವು ಊಟ ಮಾಡಿದ್ರಾ?"

"ಫಾದರ್ ಅಂದ್ರೆ ಸಂಸಾರ ಕೂಡ್ಸುಕೆ ಇಪ್ಪುದಾ, ಒಡುಕೆ ಇಪ್ಪುದಾ?"

"ಕೂಡಿಸ್ಲಿಕ್ಕೇ. ಆದ್ರೆ ಕೂಡಿಸ್ಲಿಕ್ಕೆ ಇಬ್ಬರೂ ಜೀವಂತ ಇರಬೇಕಲ್ಲ ಲಾರೆನ್ಸ್?"

ಲಾರೆನ್ಸ್ ಗೇಟನ್ನು ಒದ್ದು ಹೋದ. ಫಾದರ್ ತಕ್ಷಣ ಹೊರಡಲಿಲ್ಲ. ಅವನು ತಿರುಗಿ ಬರಬಹುದೆಂದು ನಮ್ಮ ಜೊತೆಗೇ ಕುಳಿತರು. ನಾನು ಚಾ ಮಾಡಿ ತಂದೆ.

"ಇದೆಲ್ಲ ಸೆಮಿನರಿಯಲ್ಲಿ ಕಲಿಸುತ್ತಾರಾ ಫಾದರ್?"

ಅವರು ನಕ್ಕರು. ಪಾದ್ರಿಯಾಗಲು ಓದುವ ಆ ಸೆಮಿನರಿಯಲ್ಲಿ ವರ್ಷಗಟ್ಟಲೆ ತತ್ತ್ವಶಾಸ್ತ್ರ, ದೇವಶಾಸ್ತ್ರ. ನಡುವೆ, ದೀಕ್ಷೆಗೆ ಮೊದಲು ಬ್ರದರ್ ಆಗಿದ್ದಾಗ, ಇವರನ್ನು ಸಮಾಜಕಾರ್ಯ ಓದಲು ಕಳಿಸಿದ್ದರಂತೆ. ಫೀಲ್ಡ್‌ವರ್ಕಿಗೆ ಒಂದು ಸರ್ಕಾರಿ ಆಸ್ಪತ್ರೆ. ಅಲ್ಲಿ ಮೈ ಸುಟ್ಟುಕೊಂಡ ಒಬ್ಬ ಹುಡುಗಿಯ ಮಂಚದ ಬಳಿ ಇವರು ದೇವರ ಪ್ರೀತಿಯ ಬಗ್ಗೆ ಚೆನ್ನಾಗಿ ಮಾತಾಡಿದರು. ಹೊರಗೆ ಬಂದಾಗ ಮಾರ್ಗದರ್ಶಕಿ ಮೇಡಂ ಕೇಳಿದರಂತೆ. "ಈಗ ಯಾರಿಗೆ ಸಮಾಧಾನ ಮಾಡಿದ್ರಿ ಬ್ರದರ್? ಅವಳಿಗಾ, ನಿಮಗಾ?"

"ನನಗೆ ತುಂಬಾ ಸಿಟ್ಟು ಬಂತು" ಎಂದರು ಫಾದರ್. "ನಿದ್ದೆ ಬರ್ಲಿಲ್ಲ. ಮರುದಿನ ಹೋಗಿ ಸುಮ್ಮನೆ ಕೂತೆ. ಆಗ ಆ ಹುಡುಗಿ ಮಾತಾಡಿದಳು."

ನನ್ನೊಳಗಿನ ಮೊಂಡುತನ ಸುಮ್ಮನಿರಲಿಲ್ಲ. "ಹಾಗಾದರೆ ಪಾದ್ರಿಗೂ ಎನ್‌ಜಿಓದವರಿಗೂ ಏನು ವ್ಯತ್ಯಾಸ? ಪ್ರಾರ್ಥನೆ ಕಡಿಮೆಯಾಗುವುದಿಲ್ಲವಾ?"

"ಪ್ರಾರ್ಥನೆ ಕಡಿಮೆ ಆಗ್ಲಿಲ್ಲ. ಯಾವಾಗ ಬಾಯಿಬಿಟ್ಟು ಮಾಡಬೇಕು, ಯಾವಾಗ ಮನಸ್ಸಲ್ಲಿ ಮಾಡಬೇಕು ಅಂತ ಗೊತ್ತಾಯ್ತು." ಚಾ ಮುಗಿಸಿ ಸೇರಿಸಿದರು. "ಎಲ್ಲರನ್ನೂ ಹೀಗೆ ಕಳಿಸುವುದಿಲ್ಲ. ಕಳಿಸಬೇಕು."

ಅಂದಿನಿಂದ ಈ ಮಾತು ನನ್ನ ತಲೆಯಲ್ಲಿದೆ. ಕೋಟದಲ್ಲೋ ಕುಂಭಾಶಿಯಲ್ಲೋ ಒಬ್ಬ ಹೆಣ್ಣುಮಗಳಿಗೆ ಕಷ್ಟ ಬಂದರೆ ಅವಳು ಕೌನ್ಸೆಲರ್ ಎಲ್ಲಿದ್ದಾರೆಂದು ಹುಡುಕುತ್ತಾಳೆಯೇ? ನಂಬಿದವರ ಬಳಿ ಹೋಗುತ್ತಾಳೆ. ಫಾದರ್, ಭಟ್ರು, ಮೌಲವಿಗಳು, ಮನೆತನದ ಹಿರಿಯರು. ಆ ಬಾಗಿಲಲ್ಲಿ ಸಿಗುವ ಮೊದಲ ಮಾತು ಅವಳನ್ನು ಉಳಿಸಬಹುದು, ಪೆಟ್ಟಿನ ಮನೆಗೇ ವಾಪಸ್ ಕಳಿಸಲೂಬಹುದು. ಮಂತ್ರ ತಪ್ಪಬಾರದೆಂದು ವರ್ಷಗಟ್ಟಲೆ ಕಲಿಸುತ್ತೇವೆ. ಈ ಮಾತು ತಪ್ಪಬಾರದೆಂದು ಯಾರು ಕಲಿಸಬೇಕು?

ಫಾದರ್‌ಗೆ ಇದು ಸುಲಭವಾಗಿಲ್ಲ. ಇಗರ್ಜಿಯಲ್ಲಿ ಗುಸುಗುಸು ಇದೆ. ಮೇಲಿನವರಿಗೆ ದೂರು ಹೋಗಿದೆ ಎಂಬ ಸುದ್ದಿಯೂ ಇದೆ. ಅವರು ಮಾತ್ರ ಲಾರೆನ್ಸ್ ಮನೆಗೆ ಹೋಗುವುದನ್ನು ಬಿಟ್ಟಿಲ್ಲ. ಅವನು ಒಂದೆರಡು ಸಲ ಕುಡಿತ ಬಿಡಿಸುವ ಡಾಕ್ಟರ ಬಳಿಗೆ ಅವರ ಸ್ಕೂಟರಿನಲ್ಲೇ ಹೋಗಿ ಬಂದ. ಆಮೇಲೆ ತಪ್ಪಿಸಿಕೊಂಡ. ಫಾದರ್ ಮತ್ತೆ ಹೋಗುತ್ತಿದ್ದಾರೆ.

ಹಿಲ್ಡಾ ತಂಗಿಯ ಮನೆಯಲ್ಲಿ ಹೊಲಿಗೆ ಶುರು ಮಾಡಿದ್ದಾಳೆ. ಕಿವಿ ಪೂರ್ತಿ ಸರಿಯಾಗುವುದಿಲ್ಲವಂತೆ. ಮೊನ್ನೆ ಫೋನಿನಲ್ಲಿ, "ಇಲ್ಲ್ ಬಂದ್ಮೇಲೆ ಒಳ್ಳೆ ನಿದ್ರಿ ಬತ್ತ್ ಅಕ್ಕ" ಎಂದಳು. ಮುಂದೇನೆಂದು ಅವಳಿನ್ನೂ ನಿರ್ಧರಿಸಿಲ್ಲ. ನಾನೂ ಕೇಳಲಿಲ್ಲ.

ಆದರೆ ಓಣಿಯವರು ದಿನಕ್ಕೊಬ್ಬರಂತೆ ನನ್ನನ್ನು ನಿಲ್ಲಿಸಿ ಕೇಳುತ್ತಾರೆ, ಹಿಲ್ಡಾ ವಾಪಸ್ ಬರುವುದು ಯಾವಾಗ ಎಂದು. ಲಾರೆನ್ಸ್ ಕೈ ಎತ್ತುವುದನ್ನು ಬಿಡುವುದು ಯಾವಾಗ ಎಂದು ಒಬ್ಬರಾದರೂ ಯಾಕೆ ಕೇಳುವುದಿಲ್ಲ?