ಬಾಗಲವಾಡದ ಮನೆಯಲ್ಲಿ ಕೇಳಿದ ದನಿ

ರಜಾಕಾರರ ಗಲಾಟೆ ಶುರುವಾಗುವುದಕ್ಕೆ ಎರಡು ಮೂರು ವರ್ಷ ಮೊದಲಿನ ಮಾತು. ನಮ್ಮ ಸೀಮೆಯೆಲ್ಲ ಆಗ ನಿಜಾಮರ ಆಡಳಿತದಲ್ಲಿತ್ತು. ನನಗೆ ಒಂಬತ್ತೋ ಹತ್ತೋ ವರ್ಷ. ಮಾನ್ವಿಯಲ್ಲಿ ನಮ್ಮ ಮನೆ, ಅಪ್ಪ ಅಲ್ಲಿಯ ಕಚೇರಿಯಲ್ಲಿ ಗುಮಾಸ್ತ. ಆ ಬೇಸಿಗೆಯಲ್ಲಿ ಸುತ್ತಲಿನ ಹಳ್ಳಿಗಳಲ್ಲಿ ಸಿಡುಬು ಎದ್ದಿತ್ತು. ಈಗೇನೋ ಸಿಡುಬು ಅಂತ ಧೈರ್ಯವಾಗಿ ಬರೆಯುತ್ತಿದ್ದೇನೆ, ಆಗ ಆ ಹೆಸರು ಎತ್ತುವ ಹಾಗಿರಲಿಲ್ಲ. "ತಾಯಿ ಬಂದಾಳ" ಅನ್ನಬೇಕು, ಅದೂ ಮೆಲ್ಲಗೆ.

ಟೀಕಾ, ಅಂದರೆ ಸಿಡುಬಿನ ಲಸಿಕೆ, ಹಾಕಿಸುವ ವಿಷಯಕ್ಕೆ ಅಪ್ಪನಿಗೂ ಅಜ್ಜಿಗೂ ದಿನವೂ ಜಗಳ. ಹಾಕಿಸಲೇಬೇಕು ಅಂತ ಅಪ್ಪ. ಅಜ್ಜಿ ಒಪ್ಪುವವಳಲ್ಲ. "ತಾಯಿನ್ನ ಸೂಜಿಲೆ ಚುಚ್ಚಿ ಕರಿತಾರೇನೋ? ಬರಬೇಕಂದ್ರ ಬರ್ತಾಳ, ಇಲ್ಲಂದ್ರ ಇಲ್ಲ" ಅನ್ನುತ್ತಿದ್ದಳು. ನನ್ನ ಅವ್ವ ಹೆರಿಗೆಗೆಂದು ದೇವದುರ್ಗದ ತವರಿಗೆ ಹೋಗಿದ್ದಳು. ಹಾಗಾಗಿ ಇಬ್ಬರ ನಡುವೆ ಸಿಕ್ಕಿ ಒದ್ದಾಡುವವಳು ನಾನೊಬ್ಬಳೇ.

ಕಡೆಗೊಂದು ದಿನ ಅಪ್ಪ ಹೇಳದೆ ಕೇಳದೆ ಟೀಕಾ ಹಾಕುವ ಖಾದರ್ ಸಾಹೇಬರನ್ನು ಮನೆಗೇ ಕರೆತಂದರು. ಅಜ್ಜಿ ಅವರಿಗೆ ನೀರು ಕೊಟ್ಟಳು, ಮರ್ಯಾದೆ ಬಿಡಲಿಲ್ಲ. ವಾದವನ್ನೂ ಬಿಡಲಿಲ್ಲ.

"ಸಾಹೇಬ್ರ, ನಮ್ಮ ದುರಗಮ್ಮ ಮೂಗು ಬಾಯಿಗೆ ಅರಿವಿ ಕಟ್ಕೊಂಡು ತಾಯಿ ಬಂದ ಎಷ್ಟು ಮನಿ ತಿರಿಗ್ಯಾಳ. ಬೇವಿನ ತಪ್ಪಲಾ ಬೀಸತಾಳ, ಮೈ ಒರಸತಾಳ. ಆಕಿಗೇನಾಗೇದ? ನಿಮ್ಮ ಸೂಜಿ ಯಾಕ ಬೇಕ್ರಿ?"

ದುರಗಮ್ಮ ಸುತ್ತಲಿನ ಊರುಗಳಲ್ಲಿ ಸಿಡುಬಿನವರ ಆರೈಕೆಗೆ ಹೋಗುತ್ತಿದ್ದವಳು. ತಾಯಿ ಬಂದ ಮನೆಯೊಳಗೆ ಹೋಗುವವರು ಹಾಗೆ ಬಟ್ಟೆ ಕಟ್ಟಿಕೊಳ್ಳುವುದು ನಮ್ಮವರಲ್ಲಿದ್ದ ಪದ್ಧತಿ. ರೋಗ ಹತ್ತೀತು ಅಂತಲ್ಲ. ನಮ್ಮ ಎಂಜಲು ಉಸಿರು ತಾಯಿಗೆ ತಾಗಬಾರದು ಅಂತ.

ಸಾಹೇಬರು ನಕ್ಕರು. "ದುರಗಮ್ಮನ ಮುಖಾ ನೋಡೀರೇನ್ರಿ ಅಮ್ಮಾ? ತೂತು ತೂತು ಅದ. ಸಣ್ಣಾಕಿ ಇದ್ದಾಗ ಬಂದು ಹೋಗೇದ. ಒಮ್ಮೆ ಬಂದವರಿಗೆ ಮತ್ತ ಬರೂದು ಅಪರೂಪ. ನಿಮಗೂ ಬಂದು ಹೋಗೇದಲ್ಲ?"

"ಹಂಗಾರ ಅರಿವಿ ಕಟ್ಟೂದು ಸುಳ್ಳಾ?"

"ಸುಳ್ಳಂತ ನಾ ಎಲ್ಲಿ ಅಂದೆ? ಉಸುರಿಗೆ ಅಡ್ಡ ಏನರ ಇದ್ರ ಚಲೋನ. ಅರಿವಿ ಒಂದ ನಂಬಿ ಕೂಡಬ್ಯಾಡ್ರಿ ಅಂತೀನಿ."

ಅಜ್ಜಿಗೆ ಸಮಾಧಾನವಾಗಲಿಲ್ಲ, ಅಪ್ಪನಿಗೂ ಆಗಲಿಲ್ಲ. ಅಪ್ಪನ ಪ್ರಕಾರ ಬಟ್ಟೆ ಕಟ್ಟುವುದು ಬರೀ ಮೂಢನಂಬಿಕೆ. ಇಬ್ಬರಿಗೂ ಸಾಹೇಬರು ಪೂರ್ತಿ ತಮ್ಮ ಕಡೆಯೇ ಆಗಬೇಕಿತ್ತು. ಅವರು ಹೀಗೆ ಎಳೆದಾಡುತ್ತಿರುವಾಗಲೇ ಸಾಹೇಬರು ನನ್ನ ತೋಳು ಹಿಡಿದು ಸೂಜಿ ಒತ್ತಿ ತಿರುಗಿಸಿಬಿಟ್ಟರು. ನಾನು ಕಿರುಚಿದ ಕಿರುಚಾಟಕ್ಕೆ ಓಣಿಯೇ ಬಂದು ನಿಂತಿತು. ಹೋಗುವಾಗ ಅವರು ಅಪ್ಪನಿಗೆ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. "ಗುಳ್ಳಿ ಎದ್ದು, ಒಣಗಿ, ಹಕ್ಕಳಿ ಉದುರೋತನಕ ಹುಡುಗಿನ್ನ ಆ ಬ್ಯಾನಿ ಇದ್ದ ಮನಿ ಹತ್ರ ಬಿಡಬ್ಯಾಡ್ರಿ. ಟೀಕಾ ಮೈಗೆ ಹತ್ತಾಕ ಟೈಮು ಬೇಕು."

ಅದಾದ ಸ್ವಲ್ಪ ದಿನಕ್ಕೆ ಅಪ್ಪ ಕಚೇರಿ ಕೆಲಸಕ್ಕೆ ರಾಯಚೂರಿಗೆ ಹೋದರು. ಅದೇ ಹೊತ್ತಿಗೆ ಬಾಗಲವಾಡದಿಂದ ಸುದ್ದಿ ಬಂತು. ಅಲ್ಲಿ ನನ್ನ ಸೋದರತ್ತೆ ಬಸಮ್ಮನ ಮನೆ. ಅತ್ತೆಯ ಒಬ್ಬಳೇ ಮಗಳು ಈರಮ್ಮನಿಗೆ ತಾಯಿ ಬಂದಿದ್ದಾಳೆ, ನೀರು ಕೂಡ ಇಳಿಯುತ್ತಿಲ್ಲ ಅಂತ. ಈರಮ್ಮಕ್ಕನಿಗೆ ಆಗ ಹದಿನಾರು ವರ್ಷ, ಮದುವೆ ಗೊತ್ತಾಗಿತ್ತು. ಹಿಂದಿನ ವರ್ಷ ಆ ಊರಿಗೆ ಟೀಕಾದವರು ಬಂದಾಗ, ಮದುವೆಯಾಗುವ ಹುಡುಗಿಯ ತೋಳಿಗೆ ಕಲೆ ಬೀಳುತ್ತದೆಂದು ಅತ್ತೆ ಅವಳನ್ನು ಹಿತ್ತಲಲ್ಲಿ ಅಡಗಿಸಿಟ್ಟಿದ್ದಳು.

ಅಜ್ಜಿ ರಾತ್ರಿಯೆಲ್ಲ ಅತ್ತಳು. ಈರಮ್ಮಕ್ಕನನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳೇ. ಬೆಳಿಗ್ಗೆ ನನ್ನ ತೋಳು ಊದಿ, ಗುಳ್ಳೆ ಮುತ್ತಿನ ಹಾಗೆ ಎದ್ದು ನಿಂತಿತ್ತು, ಮೈಯೂ ಬೆಚ್ಚಗಿತ್ತು. ಅಜ್ಜಿ ಅದನ್ನೇ ನೋಡುತ್ತ ನಿಂತಳು. ಆಮೇಲೆ, ದಿನಕ್ಕೊಮ್ಮೆಯಾದರೂ ನನ್ನ ಬೆನ್ನಿಗೆ ಗುದ್ದದೆ ಬಿಡದ ನನ್ನ ಅಜ್ಜಿ, ನನ್ನ ಮುಂದೆ ಬಗ್ಗಿ ಕೈ ಮುಗಿದಳು!

"ಸೂಜಿಲೆ ಬರಲಿ, ಹೆಂಗರ ಬರಲಿ, ತಾಯಿ ತಾಯಿನ. ನಿನ್ನ ಮೈಯಾಗ ಬಂದಾಕಿ ಶಾಂತ ಆಗಿ ಬಂದಾಳ. ಅಲ್ಲಿ ಸಿಟ್ಟಿಲೆ ಬಂದಾಳ. ನೀ ಹೋಗಿ ಎದುರಿಗೆ ಕುಂತು ಕೇಳಿದ್ರ ಆಕಿ ಇಳದು ಹೋಗ್ತಾಳವ್ವಾ. ನನ್ನ ಮೊಮ್ಮಗಳು ಉಳೀತಾಳ."

ಟೀಕಾ ಬೇಡ ಅಂತ ಅಷ್ಟು ಜಗಳವಾಡಿದವಳು, ಕೊನೆಗೆ ಅದೇ ಟೀಕಾವನ್ನೇ ದೇವರು ಮಾಡಿ ನನ್ನನ್ನು ಗಾಡಿ ಹತ್ತಿಸಿದಳು. ನನಗೇನು, ಗಾಡಿ ಹತ್ತುವುದೆಂದರೆ ಖುಷಿ. ಮೇಲಾಗಿ ಅವತ್ತು ನಾನೇ ದೇವರು. ಹಸಿರು ಸೀರೆಯ ತುಂಡು ಉಡಿಸಿ, ಹಣೆ ತುಂಬ ಕುಂಕುಮ ಹಚ್ಚಿದ್ದರು. ದಾರಿಯುದ್ದಕ್ಕೂ ಬೀಗುತ್ತಲೇ ಹೋದೆ.

ಬಾಗಲವಾಡ ಸೇರಿದಾಗ ನಡುಮಧ್ಯಾಹ್ನ. ಊರ ಬಾಯಲ್ಲಿಯೇ ನನ್ನ ಖುಷಿ ಇಳಿಯಿತು. ಆ ಹೊತ್ತಿನಲ್ಲಿ ಕುಟ್ಟುವ ಸದ್ದೋ ರೊಟ್ಟಿ ಬಡಿಯುವ ಸದ್ದೋ ಕೇಳಬೇಕು. ಏನೂ ಇಲ್ಲ. ಒಗ್ಗರಣೆಯ ವಾಸನೆ ಕೂಡ ಇಲ್ಲ, ತಾಯಿ ಇದ್ದ ಊರಲ್ಲಿ ಒಗ್ಗರಣೆ ಹಾಕುವಂತಿರಲಿಲ್ಲ. ಬಾಗಿಲು ಬಾಗಿಲಿಗೂ ಬೇವಿನ ತೊಪ್ಪಲು. ಓಣಿಯಲ್ಲಿ ಮೂರು ನಾಲ್ಕು ಹೆಂಗಸರು ನಿಂತಿದ್ದರು, ಎಲ್ಲರ ಮೂಗು ಬಾಯಿಗೂ ಬಟ್ಟೆ. ಬರೀ ಕಣ್ಣು ಕಾಣುತ್ತಿದ್ದವು. ನನ್ನನ್ನು ನೋಡಿದ್ದೇ ಮಾತಿಲ್ಲದೆ ನೆಲಕ್ಕೆ ಹಣೆ ಹಚ್ಚಿದರು. ಇಂಥ ಮರ್ಯಾದೆ ಯಾರಿಗೂ ಬೇಡ ಅನ್ನಿಸಿತು. ಅಜ್ಜಿಯ ಸೆರಗು ಹಿಡಿದುಕೊಂಡೆ. ಆದರೆ ಅಷ್ಟರಲ್ಲಿ ಅಜ್ಜಿಯೂ ಬಟ್ಟೆ ಕಟ್ಟಿಕೊಂಡಿದ್ದಳು. ಒಂದು ಗಳಿಗೆ ಅವಳೂ ಬೇರೆ ಯಾರೋ ಆಗಿ ಕಂಡಳು.

ಮನೆಯ ಬಾಗಿಲಲ್ಲಿ ಒಬ್ಬ ಹೆಂಗಸು ನನ್ನ ಕಾಲಿಗೆ ಅರಿಸಿನದ ನೀರು ಹಾಕಿ ತೊಳೆದಳು. ಕಣ್ಣು ನೋಡಿದ ಮೇಲೆ ತಿಳಿಯಿತು, ಬಸಮ್ಮತ್ತೆ. ಹೋದಾಗಲೆಲ್ಲ ಬೆಲ್ಲ ಕೊಟ್ಟು "ಬಾರಬೇ ನನ್ನ ಸೊಸಿ" ಅಂತ ಎತ್ತಿಕೊಳ್ಳುವ ಅತ್ತೆ ಅವತ್ತು ಒಂದು ಮಾತೂ ಆಡಲಿಲ್ಲ.

ಒಳಕೋಣೆಯಲ್ಲಿ ಕಿಟಕಿ ಇರಲಿಲ್ಲ. ಮೂಲೆಯಲ್ಲಿ ಒಂದು ದೀಪ. ಬೇವು, ಊದಿನ ಹೊಗೆ, ಅವೆರಡನ್ನೂ ಮೀರಿ ಇನ್ನೊಂದು ವಾಸನೆ. ಬೇವಿನ ತೊಪ್ಪಲಿನ ಮೇಲೆ ಮಲಗಿದ್ದವಳು ಈರಮ್ಮಕ್ಕ ಅಂತ ಯಾರಾದರೂ ಹೇಳಬೇಕು. ನನ್ನ ತಲೆ ಬಾಚಿ ಬಿಗಿಯಾಗಿ ಹೆರಳು ಹಾಕುತ್ತಿದ್ದ, ಅತ್ತರೆ ನಗುತ್ತಿದ್ದ ಈರಮ್ಮಕ್ಕನ ಮುಖವೇ ಅಲ್ಲಿರಲಿಲ್ಲ. ಕಣ್ಣು ಊದಿ ಮುಚ್ಚಿಹೋಗಿದ್ದವು. ಅತ್ತೆ ಹೋಗಿ ಮಗಳ ತಲೆಯ ಹತ್ತಿರ ಕೂತು, ಅವಳ ಮೇಲೆ ಬಗ್ಗಿ ಬೀಸತೊಡಗಿದಳು. ಕಾಲ ಹತ್ತಿರ ದುರಗಮ್ಮ. ಬಾಗಿಲಲ್ಲಿ ಅಜ್ಜಿ. ಮೂವರ ಬಾಯಿಗೂ ಬಟ್ಟೆ. ಆ ಕೋಣೆಯಲ್ಲಿ ಬಟ್ಟೆ ಇಲ್ಲದವರು ಇಬ್ಬರೇ, ಮಲಗಿದ್ದ ಈರಮ್ಮಕ್ಕ ಮತ್ತು ನಾನು. ದೇವರಿಗೆ ಯಾರು ಬಾಯಿ ಕಟ್ಟುತ್ತಾರೆ?

ಮಣೆ ಹಾಕಿ ನನ್ನನ್ನು ಅವಳ ಮುಖಕ್ಕೆ ಎದುರಾಗಿ ಕೂಡಿಸಿದರು. "ಬಗ್ಗಿ ಕೇಳವ್ವಾ. ಯಾವಾಗ ಹೋಗ್ತಿ ತಾಯಿ ಅಂತ ಕೇಳು" ಅಂದಳು ಅಜ್ಜಿ. ನಾನು ಅಲ್ಲಾಡಲಿಲ್ಲ. ದುರಗಮ್ಮ ಹಿಂದಿನಿಂದ ನನ್ನ ಕುತ್ತಿಗೆಯ ಮೇಲೆ ಮೆತ್ತಗೆ ಕೈಯಿಟ್ಟು ಬಗ್ಗಿಸಿದಳು. ಈರಮ್ಮಕ್ಕನ ಉಸಿರು ನನ್ನ ಗಲ್ಲಕ್ಕೆ ಬಿಸಿಯಾಗಿ ತಾಗುವಷ್ಟು ಹತ್ತಿರ ಬಗ್ಗಿದೆ.

"ಯಾವಾಗ ಹೋಗ್ತಿ ತಾಯಿ?" ಅಂದೆ. ದನಿ ಹೊರಗೆ ಬಂತೋ ಇಲ್ಲವೋ.

ಆಗ ಕೇಳಿಸಿತು ಅದು. ಹೆಣ್ಣಿನ ದನಿಯೂ ಅಲ್ಲ, ಗಂಡಿನ ದನಿಯೂ ಅಲ್ಲ. ದಪ್ಪಗೆ, ಬಾವಿಯೊಳಗಿಂದ ಬಂದ ಹಾಗೆ, ಆ ಹಾಸಿಗೆಯಿಂದಲೇ ಬಂತು.

"ನನ್ನ ಎದುರಿಗೆ ಬಾಯಿ ತಕ್ಕೊಂಡು ಕುಂತಾಕಿ ಯಾಕಿ? ಯಾರು ತಂದ್ರಿ ಇಕಿನ್ನ? ಮೂಗು ಬಾಯಿ ಮುಚ್ರಿ. ಹೊರಗ ಒಯ್ರಿ. ಈ ಹುಡುಗಿ ಮತ್ತ ಈ ಹೊಸ್ತಲಾ ತುಳಿದ್ರ ಇಬ್ಬರನ್ನೂ ಕರಕೊಂಡು ಹೋಗ್ತೀನಿ."

ನಾನು ಈರಮ್ಮಕ್ಕನ ಮುಖವನ್ನೇ ನೋಡುತ್ತಿದ್ದೆ. ಸೀಳಿ ಒಣಗಿದ್ದ ಆ ತುಟಿಗಳು ಅಲುಗಾಡಲಿಲ್ಲ. ಇದನ್ನು ಅಂದಿನಿಂದ ಇಂದಿನವರೆಗೆ ಎಷ್ಟೋ ಜನರಿಗೆ ಹೇಳಿದ್ದೇನೆ, ಒಬ್ಬರೂ ನಂಬಿಲ್ಲ. ಹೆದರಿದ ಮಗು, ಏನು ನೋಡಿತೋ ಅಂತಾರೆ. ನಾನು ನೋಡಿದೆ. ಅಲುಗಾಡಲಿಲ್ಲ.

ದುರಗಮ್ಮ "ತಪ್ಪಾತವ್ವಾ" ಅಂತ ನೆಲಕ್ಕೆ ಬಿದ್ದಳು. ಅಜ್ಜಿ ತನ್ನ ಸೆರಗನ್ನು ನನ್ನ ಮೂಗು ಬಾಯಿಗೆ ಒತ್ತಿ ಹಿಡಿದು, ನನ್ನನ್ನು ಎಳೆದುಕೊಂಡು ಓಡಿದಳು. ಗಾಡಿ ಊರು ದಾಟುವವರೆಗೂ ಕೈ ತೆಗೆಯಲಿಲ್ಲ. ನನಗೆ ಉಸಿರು ಕಟ್ಟಿಹೋಗಿತ್ತು.

ಅಪ್ಪ ರಾಯಚೂರಿನಿಂದ ಬಂದು ವಿಷಯ ತಿಳಿದಾಗ ಅಜ್ಜಿಯನ್ನು ಬೈಯಲಿಲ್ಲ. ಗೋಡೆಗೆ ಒರಗಿ ಕೂತುಬಿಟ್ಟರು. ಅದು ಬೈಗುಳಕ್ಕಿಂತ ಹೆಚ್ಚಾಯಿತು. ಮುಂದೆ ಎಷ್ಟೋ ದಿನ ಇಬ್ಬರೂ ಸರದಿಯಲ್ಲಿ ನನ್ನ ಹಣೆ ಮುಟ್ಟಿ ನೋಡುವುದು, ಬೆನ್ನು ನೋಡುವುದು. ಅಜ್ಜಿ ಸರಿಯಾಗಿ ಉಣ್ಣುವುದನ್ನೇ ಬಿಟ್ಟಳು. ನನಗೇನೂ ಆಗಲಿಲ್ಲ. ತೋಳಿನ ಹಕ್ಕಳೆ ಒಣಗಿ ತಾನೇ ಉದುರಿತು. ಈರಮ್ಮಕ್ಕನೂ ಬದುಕಿದಳು. ಒಂದು ಕಣ್ಣು ಹೋಯಿತು, ಗೊತ್ತಾಗಿದ್ದ ಮದುವೆಯೂ ಹೋಯಿತು.

ಜಗಳ ಮತ್ತೆ ಶುರುವಾಯಿತು. ಟೀಕಾದಿಂದ ಹುಡುಗಿ ಉಳಿದಳು ಅಂತ ಅಪ್ಪ. ತಾಯಿಯೇ ಬಾಯಿ ಬಿಟ್ಟು ಹೇಳಿದಳು, ನಾನು ಸೆರಗು ಮುಚ್ಚಿ ತಂದೆ, ಅದಕ್ಕೇ ಉಳಿದಳು ಅಂತ ಅಜ್ಜಿ. ಇಬ್ಬರೂ ಸಾಯುವವರೆಗೆ ಒಪ್ಪಂದಕ್ಕೆ ಬರಲಿಲ್ಲ. ಯಾವುದು ಎಷ್ಟು ಕೆಲಸ ಮಾಡಿತೋ ನನಗೂ ಗೊತ್ತಿಲ್ಲ. ಒಂದು ಮಾತ್ರ ಹೇಳಬೇಕು, ನನ್ನ ತಮ್ಮ ಹುಟ್ಟಿದಾಗ ಖಾದರ್ ಸಾಹೇಬರಿಗೆ ಹೇಳಿಕಳಿಸಿದವಳು ಅಜ್ಜಿಯೇ.

ಬಹಳ ವರ್ಷಗಳಾದ ಮೇಲೆ, ಬಸಮ್ಮತ್ತೆ ತೀರಿಕೊಂಡಾಗ ಬಾಗಲವಾಡಕ್ಕೆ ಹೋಗಿದ್ದೆ. ಕಾರ್ಯವೆಲ್ಲ ಮುಗಿದು ನಾನೂ ಈರಮ್ಮಕ್ಕನೂ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದೆವು. ಧೈರ್ಯ ಮಾಡಿ ಕೇಳಿದೆ. "ಅಕ್ಕಾ, ಅವತ್ತು ನಿನ್ನ ಬಾಯಾಗ ತಾಯಿ ಮಾತಾಡಿದ್ದು ನಿನಗ ನೆನಪದೇನು?"

ಅವಳು ಜೋಳ ಬಿಟ್ಟು ನನ್ನತ್ತ ತಿರುಗಿದಳು. "ನಾ ಎಲ್ಲಿ ಮಾತಾಡೀನಬೇ? ಗಂಟಲದಾಗೆಲ್ಲ ಗುಳ್ಳಿ ಎದ್ದಿದ್ವು. ಎಷ್ಟೋ ದಿನ ನನಗ ಮಾತ ಬರಲಿಲ್ಲ."

"ಮತ್ಯಾರು?"

"ನಮ್ಮವ್ವ. ನನ್ನ ತಲೀ ಮ್ಯಾಲೆ ಬಗ್ಗಿದ್ಲಲ್ಲ. ಬಾಯಿಗೆ ಅರಿವಿ ಇತ್ತು, ನಿಮಗ್ಯಾರಿಗೂ ತಿಳೀಲಿಲ್ಲ. ದನಿ ದಪ್ಪ ಮಾಡಿದ್ಲು ಖರೆ, ಆದ್ರ ಆಕಿ ಉಸುರು ನನ್ನ ಹಣಿಗೆ ಬಡೀತಿತ್ತು. ಅವ್ವನ ಉಸುರು ನನಗ ತಿಳೀವಲ್ದೇನು?" ಇನ್ನೊಂದು ಹಿಡಿ ಜೋಳ ಮೊರಕ್ಕೆ ಹಾಕಿಕೊಂಡು ಅಂದಳು, "ನೀ ಕುಂತು ಕೇಳಿದ್ರ ನಾ ಉಳೀತೀನಿ ಅಂತ ಆಕಿಗೂ ನಂಬಿಕಿ ಇತ್ತು. ಆದ್ರೂ ನೀ ನನ್ನ ಮುಖಕ್ಕ ಮುಖಾ ಹಚ್ಚಿದ್ದು ನೋಡಿ, ನಿನಗೂ ಹತ್ತೀತಂತ ತಡೀಲಾರದ ಹಂಗ ಅಂದ್ಲಂತ. ಬರೇ ಬಸಮ್ಮ ಹೇಳಿದ್ರ ಅಜ್ಜಿ ಕೇಳ್ತಿದ್ಲೇನು? ಸಾಯೂ ಮುಂದ ಅವ್ವ ನನ್ನ ಕೈ ಹಿಡಕೊಂಡು ತಪ್ಪಾತು ಮಗಳ ಅಂತ ಅತ್ಲು."

ನನಗೆ ಅಲ್ಲಿಯೇ ಅಳು ಬಂತು. ತನ್ನ ಮಗಳು ಉಳಿಯುವ ದಾರಿ ಇದೊಂದೇ ಅಂತ ನಂಬಿದ್ದವಳು, ಅಣ್ಣನ ಮಗಳಿಗಾಗಿ ಆ ದಾರಿಯನ್ನು ತನ್ನ ಬಾಯಿಂದಲೇ ಮುಚ್ಚಿದ್ದಳು. ಅವಳು ಬದುಕಿದ್ದಾಗ ಎಷ್ಟು ಸಲ ಅವಳ ಕೈಯಿಂದ ಬೆಲ್ಲ ತಿಂದೆ, ಒಂದು ಸಲವೂ ಕೇಳಲಿಲ್ಲ.

ವಿಷಯ ತಿಳಿದ ಮೇಲಾದರೂ ಹೆದರಿಕೆ ಹೋಗಬೇಕಿತ್ತು, ಹೋಗಿಲ್ಲ. ಈಗಲೂ ಬೇಸಿಗೆಯ ಮಧ್ಯಾಹ್ನ ಮನೆಯಲ್ಲಿ ಸದ್ದಿಲ್ಲದಾಗ ಆ ದನಿ ಕಿವಿಯಲ್ಲಿ ಕೇಳುತ್ತದೆ. "ಬಾರಬೇ ನನ್ನ ಸೊಸಿ" ಅನ್ನುತ್ತಿದ್ದ ಅತ್ತೆಯ ದನಿ ಹೇಗಿತ್ತು ಅಂತ ನೆನಪಿಸಿಕೊಳ್ಳಲು ನೋಡುತ್ತೇನೆ. ಅದು ನೆನಪಿಗೆ ಬರುವುದಿಲ್ಲ.